ಮಸ್ಕೆಟ್, .410 ಬೋರ್
ಸೈನ್ಯದ .303 ಲೀ-ಎನ್‌ಫೀಲ್ಡ್ ಬೋಲ್ಟ್ ರೈಫಲ್ಲನ್ನು ಬೇರೆ ತೋಟಾಕ್ಕೆ ಹೊಂದುವಂತೆ ಮಾರ್ಪಡಿಸಿದ, ಒಮ್ಮೆಗೆ ಒಂದೇ ಗುಂಡು ಹಾರಿಸುವ ಬಂದೂಕು. ಬ್ರಿಟಿಷ್ ಆಳ್ವಿಕೆಯಲ್ಲಿ ಬಂಗಾಳದ ಇಚಾಪುರ ಕಾರ್ಖಾನೆಯಲ್ಲಿ ಪೊಲೀಸರಿಗೆ ಮತ್ತು ಕಾವಲುಗಾರರಿಗೆಂದು ಸಿದ್ಧವಾಯಿತು. ಇದರ ನಳಿಗೆಯ ಒಳಮೈ ಸುರುಳಿ ಗೀರುಗಳಿಲ್ಲದೆ ನುಣುಪಾಗಿದ್ದು, ವ್ಯಾಸ ಸುಮಾರು 10.4 ಮಿ.ಮೀ. ತೋಟಾಪೆಟ್ಟಿಗೆ ಇರಬೇಕಾದ ಜಾಗವನ್ನು ಮರದ ತುಂಡಿನಿಂದ ಮುಚ್ಚಲಾಗಿದೆ. ತೋಟಾ .303ರದೇ ಕವಚ, ಆದರೆ ಕುತ್ತಿಗೆ ಕಿರಿದಾಗಿಸದೆ ನೇರವಾಗಿ ಬಿಟ್ಟದ್ದು; ಮಾರುಕಟ್ಟೆಯ .410 ಶಾಟ್‌ಗನ್ ತೋಟಾ ಬುಡದಲ್ಲಿ ದಪ್ಪವಿರುವುದರಿಂದ ಇದರಲ್ಲಿ ಕೂರದು. ಹೊಡೆತದ ದೂರ ಮತ್ತು ವೇಗ ಎರಡೂ ತಗ್ಗಿದ್ದರಿಂದ ಇದು ಜನಜಂಗುಳಿ ಚದುರಿಸುವುದಕ್ಕೆ ಹೊಂದಿತು. ಕಳುವಾದರೂ ಸೇನಾ ರೈಫಲ್ಲಿನಷ್ಟು ಅಪಾಯವಿರಲಿಲ್ಲ. 1960ರ ದಶಕದಲ್ಲಿ ಇದೇ ಕಾರ್ಖಾನೆ ತಯಾರಿಸಿದ 7.62 ಮಿ.ಮೀ. 2ಎ ರೈಫಲ್ಲನ್ನೂ .303ರ ಮಾರ್ಪಾಡೆಂದು ಎಣಿಸುವುದುಂಟು. ಅದು ತಪ್ಪು; 2ಎ ಗಟ್ಟಿ ಉಕ್ಕಿನಿಂದ ಹೊಸದಾಗಿ ತಯಾರಾದದ್ದು.

1962ರ ಶಸ್ತ್ರಾಸ್ತ್ರ ನಿಯಮಗಳು .303 ಮತ್ತು 7.62 ರೈಫಲ್‌ಗಳೊಂದಿಗೆ .410 ಮಸ್ಕೆಟ್ಟನ್ನೂ ನಿರ್ಬಂಧಿತ ವರ್ಗದಲ್ಲಿ ಇರಿಸಿದವು. ನಾಗರಿಕರಿಗೆಂದು ಸರ್ಕಾರಿ ಕಾರ್ಖಾನೆಗಳು ಅದೇ ಬೋಲ್ಟ್ ಮಾದರಿಯಲ್ಲಿ .315 ಬೋರ್ ರೈಫಲ್ ಹೊರತಂದವು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಕರಡಿ, ಕಾಡುಹಂದಿಗಳ ಕಾಟವಿರುವ ತಾಲೂಕುಗಳು. ಇಲ್ಲಿನ ರೈತರಿಗೂ ಬೆಳೆ ರಕ್ಷಣೆಗೆಂದು ಕಾನೂನು ಗುರುತಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು, ಮಸ್ಕೆಟ್ಟನ್ನಲ್ಲ. ಬಂದೂಕನ್ನು ಮಾರ್ಪಡಿಸುವ ಅಥವಾ ದುರಸ್ತಿ ಮಾಡುವ ವೃತ್ತಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಕಡ್ಡಾಯ.