ಆಫ್ ಮಾಡಿದರೂ ಆರದ ದೀಪ

ರಾತ್ರಿ ಸಮುದ್ರದ ಮೇಲೆ ಹಾರುವ ವಿಮಾನಕ್ಕೆ ಹೊಟ್ಟೆಯಲ್ಲೊಂದು ದೀಪ ಯಾಕೆ ಬೇಕು? ರೇಡಾರ್ ಇದೆಯಲ್ಲ ಅಂತ ನಾವು ಕೇಳಬಹುದು. ರೇಡಾರ್ ಇದ್ದರೂ ಸಾಲದು ಅನ್ನೋದೇ 1940ರಲ್ಲಿ ಬ್ರಿಟನ್ನಿನ ವಾಯುಪಡೆಯ ಕೋಸ್ಟಲ್ ಕಮಾಂಡ್‌ಗೆ ತಲೆನೋವಾಗಿತ್ತು. ಜರ್ಮನಿಯ ಸಬ್‌ಮರೀನ್‌ಗಳು ಹಗಲು ನೀರಿನೊಳಗೆ ಅಡಗಿದ್ದು, ಕತ್ತಲಾದ ಮೇಲೆ ಎದ್ದು ಬಂದು, ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡ್ಕೊಳ್ತಿದ್ದವು. (ಆಗಿನ ಸಬ್‌ಮರೀನ್ ಕೂಡ ನಮ್ಮ ಫೋನಿನ ಹಾಗೆಯೇ, ಚಾರ್ಜರ್ ಬಿಟ್ಟು ದೂರ ಹೋಗೋ ಹಾಗಿರಲಿಲ್ಲ.) ಹಾಗೆ ಎದ್ದು ಬಂದದ್ದು ವಿಮಾನದ ರೇಡಾರ್‌ಗೆ ಮೈಲಿಗಳ ದೂರದಿಂದಲೇ ಕಾಣ್ತಿತ್ತು. ಆದರೆ ಹತ್ತಿರ ಹೋದಾಗ, ಸರಿಯಾಗಿ ಕೊನೆಯ ಒಂದು ಮೈಲಿಯಷ್ಟು ದೂರದಲ್ಲಿ, ಅಲೆಗಳಿಗೆ ತಾಗಿ ವಾಪಸ್ ಬರೋ ಸಿಗ್ನಲ್ಲಿನ ಗದ್ದಲದಲ್ಲಿ ಆ ಚುಕ್ಕೆ ಕಳೆದುಹೋಗ್ತಿತ್ತು. ಬಾಂಬ್ ಹಾಕಬೇಕಾದ ಹೊತ್ತಿಗೆ ಕೆಳಗೆ ಬರೀ ಕತ್ತಲು.

ಇದಕ್ಕೆ ಪರಿಹಾರ ಹೇಳಿದವನು ವಿಜ್ಞಾನಿಯಲ್ಲ. ಹಂಫ್ರಿ ಡಿ ವರ್ಡ್ ಲೀ ಅನ್ನೋ ಸ್ಕ್ವಾಡ್ರನ್ ಲೀಡರ್. ಮೊದಲ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದವನು, ಈಗ ಹೆಡ್‌ಕ್ವಾರ್ಟರ್ಸ್‌ನಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಚ್‌ಆರ್. ವೆಲ್ಲಿಂಗ್ಟನ್ ಬಾಂಬರ್‌ನ ಹೊಟ್ಟೆಯಲ್ಲಿ 24 ಇಂಚಿನ ಕಾರ್ಬನ್ ಆರ್ಕ್ ಸರ್ಚ್‌ಲೈಟ್ ಕೂರಿಸೋಣ, ಬೇಕಾದಾಗ ಕೆಳಗೆ ಇಳಿಸೋಣ, ರೇಡಾರ್ ಕುರುಡಾಗುವ ಹೊತ್ತಿಗೆ ದೀಪ ಹಾಕೋಣ ಅಂದ. ಕಮಾಂಡ್‌ನ ಮುಖ್ಯಸ್ಥ ಫ್ರೆಡರಿಕ್ ಬೋಹಿಲ್ ಸರಿ ಅಂದರು.

ಐಡಿಯಾ ಸುಲಭ, ಕರೆಂಟ್ ಎಲ್ಲಿಂದ ತರೋದು? ಲೀ ಮೊದಲು ಕಣ್ಣು ಹಾಕಿದ್ದು ಸಮುದ್ರದ ಅಯಸ್ಕಾಂತ ಮೈನ್‌ಗಳನ್ನು ಸಿಡಿಸಲು ದೊಡ್ಡ ಲೋಹದ ಬಳೆ ತೊಟ್ಟಿದ್ದ ವಿಶೇಷ ವೆಲ್ಲಿಂಗ್ಟನ್‌ಗಳ ಮೇಲೆ. ಅವುಗಳೊಳಗೆ ಆಗಲೇ ಒಂದು ಜನರೇಟರ್, ಅದನ್ನು ತಿರುಗಿಸೋಕೆ ಒಂದು ಎಂಜಿನ್ ಇತ್ತು. ಇದ್ದದ್ದನ್ನೇ ಬಳಸೋಣ ಅನ್ನೋ ಬುದ್ಧಿ. ಆಮೇಲೆ ಯೋಚಿಸಿದರೆ ದೀಪ ಉರಿಯೋದು ದಾಳಿಯ ಕೊನೆಯ ಕೆಲವೇ ಕ್ಷಣ, ಅಷ್ಟಕ್ಕೆ ಜನರೇಟರ್ ಹೊತ್ತು ಹಾರೋದು ಯಾಕೆ? ಬ್ಯಾಟರಿ ಸಾಕು. ತೂಕ ಸುಮಾರು ಅರ್ಧದಷ್ಟಕ್ಕೆ ಇಳಿಯಿತು. 1941ರಲ್ಲಿ ಉತ್ತರ ಐರ್ಲೆಂಡಿನ ತೀರದಲ್ಲಿ ತಮ್ಮದೇ ಒಂದು ಸಬ್‌ಮರೀನ್ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಕೆಲಸ ಮಾಡ್ತು.

ಇಷ್ಟರಲ್ಲಿ ಮ್ಯಾನೇಜರ್ ಬದಲಾದ. ಆಫೀಸಲ್ಲಿ ಕೆಲಸ ಮಾಡೋ ಯಾರಿಗೂ ಮುಂದಿನದು ಹೇಳಬೇಕಾಗಿಲ್ಲ. ಬೋಹಿಲ್ ಹೋಗಿ ಫಿಲಿಪ್ ಜೂಬರ್ಟ್ ಬಂದರು. ಅವರಿಗೆ ಮೊದಲೇ ಪರಿಚಯವಿದ್ದದ್ದು ವಿಲಿಯಂ ಹೆಲ್ಮೋರ್ ಅನ್ನೋ ಇನ್ನೊಬ್ಬ ಅಧಿಕಾರಿಯ ಇನ್ನೂ ದೊಡ್ಡ ದೀಪ. ಅದೇ ಚೆನ್ನಾಗಿದೆ ಅಂದು ಲೀಯನ್ನು ವಾಪಸ್ ಸಿಬ್ಬಂದಿ ವಿಭಾಗದ ಮೇಜಿಗೆ ಕಳಿಸಿದರು. ಸುಮಾರು ಎರಡು ತಿಂಗಳಾದ ಮೇಲೆ, ತಾನು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡು ಮತ್ತೆ ಕರೆಸಿದರು. ನಮ್ಮಲ್ಲಿ ಇಂಥ ಮ್ಯಾನೇಜರ್‌ಗಳು ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ನಿಮಗೇ ಬಿಟ್ಟಿದ್ದು.

1942ರ ಜೂನ್ 4ರ ರಾತ್ರಿ, 172ನೇ ಸ್ಕ್ವಾಡ್ರನ್ನಿನ ಜೆಫ್ರಿಸನ್ ಗ್ರೆಸ್ವೆಲ್ ಬಿಸ್ಕೇ ಕೊಲ್ಲಿಯ ಮೇಲೆ ಹಾರುತ್ತಿದ್ದಾಗ ರೇಡಾರ್‌ನಲ್ಲಿ ಒಂದು ಚುಕ್ಕೆ ಸಿಕ್ಕಿತು. ಹತ್ತಿರ ಹೋಗಿ ದೀಪ ಹಾಕಿದರೆ ಏನೂ ಕಾಣಲಿಲ್ಲ. ಎತ್ತರ ತೋರಿಸೋ ಅಲ್ಟಿಮೀಟರ್‌ನ ಲೆಕ್ಕ ಆ ಜಾಗದ ಗಾಳಿಯ ಒತ್ತಡಕ್ಕೆ ಹೊಂದಿರಲಿಲ್ಲ, ವಿಮಾನ ಬೇಕಾದದ್ದಕ್ಕಿಂತ ಮೇಲಿತ್ತು. ಕೆಳಗಿದ್ದದ್ದು ಲುಯಿಜಿ ತೊರೆಲ್ಲಿ ಅನ್ನೋ ಇಟಲಿಯ ಸಬ್‌ಮರೀನ್. ಬಂದದ್ದು ತಮ್ಮವರೇ ಇರಬೇಕು ಅಂದುಕೊಂಡ ಅವರು ಗುರುತಿನ ಬಣ್ಣದ ಬೆಳಕು ಹಾರಿಸಿಬಿಟ್ಟರು! ಗ್ರೆಸ್ವೆಲ್ ತಿರುಗಿ ಬಂದು, ಮತ್ತೆ ದೀಪ ಹಾಕಿ, ಬಾಂಬ್ ಹಾಕಿದ. ತೊರೆಲ್ಲಿ ಜಖಂ ಆದರೂ ಮುಳುಗಲಿಲ್ಲ. ಅದು ಮುಂದೆ ಜರ್ಮನಿಯ ಬಾವುಟ, ಕೊನೆಗೆ ಜಪಾನಿನ ಬಾವುಟವನ್ನೂ ಹಾರಿಸಿತು, ಅದೇ ಒಂದು ಬೇರೆ ಕಥೆ. ತಿಂಗಳಾದ ಮೇಲೆ, ಜುಲೈ ಮೊದಲ ವಾರದಲ್ಲಿ, ಅದೇ ಸ್ಕ್ವಾಡ್ರನ್ನಿನ ವೈಲಿ ಹೋವೆಲ್ ಅನ್ನೋ ಅಮೆರಿಕದ ಹುಡುಗ ಯು-502 ಅನ್ನು ಮುಳುಗಿಸಿದ. ಒಳಗಿದ್ದ 52 ಜನರೂ ಸತ್ತರು. ಆ ದಿನಗಳಲ್ಲೇ ಜರ್ಮನ್ ಅಡ್ಮಿರಲ್ ಡೋನಿಟ್ಜ್, ಬಿಸ್ಕೇ ದಾಟುವಾಗ ಬ್ಯಾಟರಿ ಚಾರ್ಜ್ ಮಾಡೋಕೆ ಬಿಟ್ಟು ಬೇರೆ ಯಾವುದಕ್ಕೂ ಮೇಲೆ ಬರಬೇಡಿ ಅಂತ ಆದೇಶ ಕೊಟ್ಟ.

ಯುದ್ಧದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಂದಿನ ಅಧ್ಯಾಯಕ್ಕೆ ಹೋಗ್ತವೆ. ನನಗೆ ಆಸಕ್ತಿ ಇರೋದು ಬೆಳಗಾದ ಮೇಲೆ ಈ ವಿಮಾನ ನೆಲಕ್ಕೆ ಬಂದಾಗ ಅದರ ಹೊಟ್ಟೆಯ ಕೆಳಗೆ ನುಸುಳೋ ಫಿಟ್ಟರ್ ಬಗ್ಗೆ.

ಕಾರ್ಬನ್ ಆರ್ಕ್ ಅಂದರೆ ಏನು ಅನ್ನೋದು ನಮ್ಮ ಊರ ಕಡೆಯವರಿಗೆ ಗೊತ್ತು. ಟೂರಿಂಗ್ ಟಾಕೀಸ್‌ನ ಪ್ರೊಜೆಕ್ಟರ್‌ನಲ್ಲಿ ಇದ್ದದ್ದು ಅದೇ. ಎರಡು ಕಾರ್ಬನ್ ಕಡ್ಡಿಗಳನ್ನು ತಾಗಿಸಿ, ಸ್ವಲ್ಪ ದೂರ ಎಳೆದರೆ ನಡುವೆ ಕಣ್ಣು ಕುಕ್ಕುವ ಬೆಳಕು. ಕಡ್ಡಿ ಸವೆದ ಹಾಗೆ ಮುಂದೆ ತಳ್ಳುತ್ತಾ ಇರಬೇಕು, ಇಲ್ಲದಿದ್ರೆ ಪರದೆ ಮಂಕಾಗಿ ಜನ ಶಿಳ್ಳೆ ಹೊಡೀತಾರೆ. ಟೆಂಟ್ ಹಿಂದೆ ಬಿಸಾಕಿದ ತಾಮ್ರದ ಲೇಪದ ಮೋಟು ಕಡ್ಡಿಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ ಹುಡುಗರಲ್ಲಿ ನಾನೂ ಒಬ್ಬ. ಗೋಡೆ ಮೇಲೆ ಬರೆಯೋಕೆ ಅದಕ್ಕಿಂತ ಒಳ್ಳೇ ಸೀಮೆಸುಣ್ಣ ಇರಲಿಲ್ಲ.

ಆ ದೀಪದ ಅಪಾಯಗಳೆಲ್ಲ ಕಣ್ಣಿಗೆ ಕಾಣುವಂಥವು. ಉರಿಯುವಾಗ ನೇರ ನೋಡಿದರೆ ವೆಲ್ಡಿಂಗ್ ನೋಡಿದ ಹಾಗೆ, ರಾತ್ರಿಯಿಡೀ ಕಣ್ಣಲ್ಲಿ ಮರಳು. ಕಡ್ಡಿ ಬದಲಿಸುವಾಗ ಕೈ ಸುಡುತ್ತೆ. ಹೊಗೆ ಬರುತ್ತೆ, ಅದು ಹೊರಗೆ ಹೋಗೋ ದಾರಿ ಇರಬೇಕು. ಬೂದಿ ಬಂದು ಕನ್ನಡಿಗೆ ಕೂರುತ್ತೆ, ಒರೆಸಬೇಕು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಮುಚ್ಚಿದ ಜಾಗದಲ್ಲಿ ಒಂದು ಕಿಡಿ ಸಾಕು. ಆದರೆ ಸ್ವಿಚ್ ಆಫ್ ಮಾಡಿ, ಬ್ಯಾಟರಿ ತಂತಿ ಬಿಚ್ಚಿ, ತಣ್ಣಗಾಗೋಕೆ ಬಿಟ್ಟರೆ ಮುಗೀತು. ಉಳಿಯೋದು ಎರಡು ಮಸಿಕಡ್ಡಿ. ಮಗುವಿನ ಕೈಗೆ ಕೊಡಬಹುದು, ನಮ್ಮ ಕೈಗೆ ಬಂದದ್ದೂ ಹಾಗೇ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹೆಲ್ಮೋರ್‌ನ ದೊಡ್ಡ ದೀಪ ಏನಾಯ್ತು ಅಂತ ಕೇಳ್ತೀರಾ? ಅದನ್ನು ಟರ್ಬಿನ್‌ಲೈಟ್ ಅಂತ ಕರೆದು ಹ್ಯಾವಕ್ ವಿಮಾನಗಳ ಮೂತಿಗೆ ಕೂರಿಸಿದರು. ಲೆಕ್ಕದಲ್ಲಿ 270 ಕೋಟಿ ಕ್ಯಾಂಡೆಲಾ. ಬಾಂಬ್ ಇಡೋ ಜಾಗದ ತುಂಬ ಬ್ಯಾಟರಿ, ಗನ್ ಇಲ್ಲ. ಇದು ಶತ್ರು ವಿಮಾನಕ್ಕೆ ಬೆಳಕು ಹಾಕಬೇಕು, ಪಕ್ಕದಲ್ಲಿ ಹಾರುವ ಹರಿಕೇನ್ ಗುಂಡು ಹೊಡೀಬೇಕು ಅನ್ನೋ ಯೋಜನೆ. ಬೆಳಕು ಬಿದ್ದ ತಕ್ಷಣ ಶತ್ರು ಪಕ್ಕಕ್ಕೆ ತಿರುಗಿ ಕತ್ತಲಿಗೆ ಹೋಗ್ತಿದ್ದ. ಹತ್ತು ಸ್ಕ್ವಾಡ್ರನ್ ಕಟ್ಟಿ, 1943ರ ಜನವರಿಯಲ್ಲಿ ಎಲ್ಲವನ್ನೂ ಮುಚ್ಚಿದರು. ಸಬ್‌ಮರೀನ್ ಹಾಗೆ ತಪ್ಪಿಸಿಕೊಳ್ಳೋ ಹಾಗಿಲ್ಲ, ಅದಕ್ಕೇ ಲೀ ದೀಪ ಗೆದ್ದಿದ್ದು.

ಲೀ ಲೈಟ್ ಆಮೇಲೆ ಲಿಬರೇಟರ್, ಕ್ಯಾಟಲೀನಾ ವಿಮಾನಗಳ ರೆಕ್ಕೆಯ ಕೆಳಗೂ ಬಂತು. ಕ್ಯಾಟಲೀನಾ ಅಂದಾಗ ಬೆಂಗಳೂರಿನವರು ಕಿವಿ ನಿಮಿರಿಸಬೇಕು. ಅದೇ ಜಾತಿಯ ನೀರಿನ ವಿಮಾನಗಳು ಆ ಯುದ್ಧಕಾಲದಲ್ಲಿ ಸರ್ವಿಸ್‌ಗೆ ಅಂತ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ಬಂದು ಇಳೀತಿದ್ದದ್ದು ನಮ್ಮ ಬೆಳ್ಳಂದೂರು ಕೆರೆಯಲ್ಲಿ. (ದೀಪ ಹೊತ್ತವೇ ಬಂದವು ಅಂತ ನಾನು ಹೇಳ್ತಿಲ್ಲ, ಸುಮ್ನೆ ವಾಟ್ಸಾಪ್‌ಗೆ ಹಾಕಬೇಡಿ.) ಸಾಗರದಲ್ಲಿ ಅಲೆದ ವಿಮಾನಗಳ ರಿಪೇರಿ ಮಾಡಿದ ಕೈಗಳು ಈ ಊರಿನಲ್ಲಿದ್ದವು ಅನ್ನೋದಂತೂ ನಿಜ. ಇವತ್ತು ಆ ಕೆರೆ ಪಕ್ಕ ಸಿಗ್ನಲ್‌ನಲ್ಲಿ ನಿಂತಾಗ ಬೇಕಾದರೆ ನೆನಪಿಸ್ಕೊಳ್ಳಿ, ಟೈಮ್ ಹೇಗೂ ಬೇಕಾದಷ್ಟಿರುತ್ತೆ.

ಯುದ್ಧ ಮುಗಿದ ಮೇಲೆ ದೀಪದ ಒಳಗಿನ ವಸ್ತುವೇ ಬದಲಾಯ್ತು. 1951ರ ಹೊತ್ತಿಗೆ ಜರ್ಮನಿಯ ಓಸ್ರಾಮ್ ಕಂಪನಿ ಜೆನಾನ್ ದೀಪವನ್ನು ಮಾರುಕಟ್ಟೆಗೆ ತಂತು. ಕೋಳಿಮೊಟ್ಟೆ ಹಾಗೆ ಉಬ್ಬಿದ ದಪ್ಪ ಕ್ವಾರ್ಟ್ಜ್ ಗಾಜು, ಒಳಗೆ ಎರಡು ಟಂಗ್‌ಸ್ಟನ್ ತುದಿಗಳು, ಸುತ್ತ ಒತ್ತಿ ತುಂಬಿದ ಜೆನಾನ್ ಅನಿಲ. ಕಡ್ಡಿ ತಳ್ಳೋ ಕೆಲಸ ಇಲ್ಲ, ಹೊಗೆ ಇಲ್ಲ, ಬೂದಿ ಇಲ್ಲ. ಸಿನಿಮಾ ಮಂದಿರಗಳು ಮೊದಲು ಹಿಡಿದವು. ಆಮೇಲೆ ಹೆಲಿಕಾಪ್ಟರ್. ವಿಯೆಟ್ನಾಂನಲ್ಲಿ ಅಮೆರಿಕದವರು ಶುರುವಿನಲ್ಲಿ ಸಾಗಾಣಿಕೆ ವಿಮಾನದ ಏಳು ಲ್ಯಾಂಡಿಂಗ್ ದೀಪಗಳನ್ನು ಒಂದೇ ಚೌಕಟ್ಟಿಗೆ ಕಟ್ಟಿ ಹೆಲಿಕಾಪ್ಟರ್ ಬಾಗಿಲಲ್ಲಿ ನಿಲ್ಲಿಸಿಕೊಂಡರು, ಪಕ್ಕಾ ಜುಗಾಡ್. ಅದರ ಹಿಂದೆಯೇ ಟ್ಯಾಂಕಿನಿಂದ ಬಿಚ್ಚಿದ ಜೆನಾನ್ ದೀಪ ಬಂತು. ಕ್ಯಾಲಿಫೋರ್ನಿಯಾದ ಸ್ಪೆಕ್ಟ್ರೋಲ್ಯಾಬ್ ಮಾಡಿದ 1600 ವ್ಯಾಟ್‌ನ ನೈಟ್‌ಸನ್ ಆಮೇಲೆ ಎಷ್ಟೋ ದೇಶಗಳ ಪೊಲೀಸ್, ರಕ್ಷಣಾ ಹೆಲಿಕಾಪ್ಟರ್‌ಗಳ ಕೆಳಗೆ ನೇತಾಡಿತು. ಇಂಗ್ಲಿಷ್ ಸಿನಿಮಾಗಳಲ್ಲಿ ಕಳ್ಳನ ಹಿಂದೆ ಓಡೋ ಆ ಬಿಳಿ ವೃತ್ತ ಇಂಥದ್ದೇ.

ಹಳೇ ಫಿಟ್ಟರ್ ಕಲಿತ ಪಾಠ ಇಲ್ಲಿ ತಲೆಕೆಳಗಾಯ್ತು. ಕಾರ್ಬನ್ ಆರ್ಕ್ ಉರಿಯುವಾಗ ಅಪಾಯ, ಆರಿದರೆ ಮಸಿ. ಜೆನಾನ್ ದೀಪ ಡಬ್ಬಿಯಿಂದ ತೆಗೆದಾಗಲೇ, ಒಂದು ಸಲವೂ ಹೊತ್ತಿಸದೆಯೇ, ಒಳಗೆ ಸುಮಾರು 8ರಿಂದ 10 ವಾತಾವರಣದ ಒತ್ತಡ ಇಟ್ಟುಕೊಂಡಿರುತ್ತೆ. ನಿಮ್ಮ ಕಾರಿನ ಟೈರ್‌ನಲ್ಲಿ ಇರೋದು ಎರಡು ಚಿಲ್ಲರೆ, ಅದೂ ರಬ್ಬರ್‌ನೊಳಗೆ. ಇದು ಗಾಜಿನೊಳಗೆ. ಉರಿದು ಬಿಸಿಯಾದಾಗ ಒತ್ತಡ ಮೂರು ಪಟ್ಟಾಗುತ್ತೆ. ಅಂದ್ರೆ ಈ ದೀಪಕ್ಕೆ ನಿಜವಾದ ಆಫ್ ಅನ್ನೋದೇ ಇಲ್ಲ. ಸರ್ವರ್ ಪವರ್ ಬಟನ್ ಒತ್ತಿ ಕೈ ಹಾಕೋ ಅಭ್ಯಾಸದವರಿಗೆ ಇದು ಒಗ್ಗೋದು ಕಷ್ಟ.

ಅದಕ್ಕೇ ಬಲ್ಬ್ ಬದಲಿಸೋ ಕೆಲಸ ಬಾಂಬ್ ನಿಷ್ಕ್ರಿಯ ಮಾಡೋ ದೃಶ್ಯದ ಹಾಗಿರುತ್ತೆ. ಮುಖಕ್ಕೆ ಪೂರ್ತಿ ಶೀಲ್ಡ್, ಕೈಗೆ ದಪ್ಪ ಗ್ಲೌಸ್, ಕುತ್ತಿಗೆ ಎದೆ ಮುಚ್ಚೋ ದಪ್ಪ ಜಾಕೆಟ್. ಪಕ್ಕದಲ್ಲಿ ನಿಂತು ನೋಡುವವರನ್ನು ಮೊದಲು ಆಚೆ ಕಳಿಸಬೇಕು. ದೀಪ ಆರಿಸಿದ ಕೂಡಲೇ ಹೆಲಿಕಾಪ್ಟರಿನ ಮೇನ್ ಸ್ವಿಚ್ ತೆಗೆದರೆ ಫ್ಯಾನ್ ನಿಂತು ಬಿಸಿ ಒಳಗೇ ಉಳಿಯುತ್ತೆ. ಆದ್ದರಿಂದ ಫ್ಯಾನ್ ಇನ್ನಷ್ಟು ಹೊತ್ತು ತಿರುಗಬೇಕು, ಆಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಈ ದೀಪ ಹೊತ್ತಿಸೋಕೆ ಒಂದು ಕ್ಷಣಕ್ಕೆ 20 ಸಾವಿರ ವೋಲ್ಟ್‌ಗೂ ಹೆಚ್ಚಿನ ಹೊಡೆತ ಬೇಕು. ಆ ಹೊಡೆತ ಕೊಡೋ ಸರ್ಕ್ಯೂಟಿನ ಕೆಪಾಸಿಟರ್‌ಗಳು ಕರೆಂಟ್ ಹೋದ ಮೇಲೂ ಚಾರ್ಜ್ ಇಟ್ಟುಕೊಂಡಿರಬಹುದು. ಹೊತ್ತಿದ ಮೇಲೆ ಹೆಲಿಕಾಪ್ಟರಿನ 28 ವೋಲ್ಟ್ ಲೈನ್‌ನಿಂದ 1600 ವ್ಯಾಟ್ ಅಂದರೆ ಸುಮಾರು 57 ಆಂಪಿಯರ್. ಒಂದು ಸಡಿಲ ಕನೆಕ್ಷನ್ ಕೆಂಪಗಾಗೋಕೆ ಧಾರಾಳ ಸಾಕು, ರೋಟರ್ ಅದುರಾಟದಲ್ಲಿ ಕನೆಕ್ಷನ್ ಸಡಿಲ ಆಗೋದು ಸಹಜ.

ಗಾಜನ್ನು ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. ನಮ್ಮ ಬೆರಳಿನ ಬೆವರು, ಎಣ್ಣೆ ಆ ಉರಿಯಲ್ಲಿ ಗಾಜಿಗೆ ಸುಟ್ಟು ಅಂಟಿಕೊಳ್ಳುತ್ತೆ, ಆ ಜಾಗದಲ್ಲಿ ಕ್ವಾರ್ಟ್ಜ್ ಮಂಕಾಗಿ ದುರ್ಬಲ ಆಗುತ್ತೆ. ಇವತ್ತು ಇಟ್ಟ ಬೆರಳಚ್ಚು ಎಷ್ಟೋ ಗಂಟೆ ಉರಿದ ಮೇಲೆ ಸಿಡಿತಕ್ಕೆ ಕಾರಣ ಆಗಬಹುದು. ತಪ್ಪಿ ಮುಟ್ಟಿದರೆ ಆಲ್ಕೋಹಾಲ್ ಹಾಕಿ ಒರೆಸಲೇಬೇಕು. ಪ್ಲಸ್ ಮೈನಸ್ ತಿರುಗಾಮುರುಗಾ ಹಾಕಿದರೆ ಸಣ್ಣ ತುದಿ ನಿಮಿಷಗಳಲ್ಲಿ ಹಾಳು. ಪರೀಕ್ಷೆಗೆ ಅಂತ ನೆಲದ ಮೇಲೆ ಹೊತ್ತಿಸುವಾಗ ಎದುರಿಗೆ ಜನ ಇರಬಾರದು, ಹತ್ತಿರದಲ್ಲಿ ಇಂಧನ ತುಂಬಿಸ್ತಾ ಇರಬಾರದು. ಇಷ್ಟೆಲ್ಲ ಮಾಡಿದ ಮೇಲೂ ಲಾಗ್‌ಬುಕ್‌ನಲ್ಲಿ ಗಂಟೆ ಬರೆಯೋದು ಮರೆತರೆ ವ್ಯರ್ಥ, ಯಾಕಂದ್ರೆ ಉರಿದಷ್ಟೂ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಕೂರುತ್ತೆ. ಕಪ್ಪು ಹೆಚ್ಚು ಬಿಸಿ ಹೀರುತ್ತೆ, ಗಾಜು ದಣಿಯುತ್ತೆ. "ಇನ್ನೂ ಚೆನ್ನಾಗೇ ಉರೀತಿದೆಯಲ್ಲ, ಇನ್ನೊಂದು ತಿಂಗಳು ಓಡಿಸೋಣ" ಅನ್ನೋ ಲೆಕ್ಕಾಚಾರದವರಿಗೆ ಮಾಡಿದ ದೀಪ ಇದಲ್ಲ. ನಮ್ಮ ಸಿಂಗಲ್ ಸ್ಕ್ರೀನ್ ಮಂದಿರಗಳಿಗೆ ಜೆನಾನ್ ಬಂದಾಗ, ಕಾರ್ಬನ್ ಕಡ್ಡಿಯನ್ನು ಇಕ್ಕಳದಲ್ಲಿ ತಳ್ಳುತ್ತಾ ಬೀಡಿ ಸೇದುತ್ತಿದ್ದ ಆಪರೇಟರ್‌ಗಳೂ ಇದೇ ಹೊಸ ಶಿಸ್ತು ಕಲೀಬೇಕಾಯ್ತು.

ಈಗ ಎಲ್‌ಇಡಿ ಸರ್ಚ್‌ಲೈಟ್‌ಗಳು ಬರ್ತಿವೆ. ಒತ್ತಡ ಇಲ್ಲ, ಸಾವಿರಾರು ವೋಲ್ಟ್ ಬೇಡ. ಕಣ್ಣಿಗೆ ಹೊಡೆಯೋ ಬೆಳಕು, ತಂತಿಯಲ್ಲಿ ಹರಿಯೋ ಕರೆಂಟ್ ಮಾತ್ರ ಹಾಗೇ ಇವೆ. ಆದರೆ ಜೆನಾನ್ ದೀಪಗಳು ಇನ್ನೂ ಹಾರ್ತಾನೇ ಇವೆ, ಅವುಗಳ ಆಯಸ್ಸು ಮುಗಿದ ಬಲ್ಬ್‌ಗಳು ಇನ್ನೂ ಹ್ಯಾಂಗರ್‌ಗಳ ಕಪಾಟಿಗೆ ಬರ್ತಾನೇ ಇವೆ. ಹೊತ್ತದೇ ಹೋದ ಬಲ್ಬ್‌ನೊಳಗೂ ಒತ್ತಡ ಹಾಗೇ ಇರೋದರಿಂದ ಅದನ್ನು ಸುಮ್ಮನೆ ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ. ಅದು ಬಂದ ಪ್ಲಾಸ್ಟಿಕ್ ಕವಚದೊಳಗೇ ವಾಪಸ್ ಇಟ್ಟು, ತಯಾರಕರಿಗೆ ಕಳಿಸಬೇಕು. ಇಲ್ಲವೇ ಮುಖಕ್ಕೆ ಶೀಲ್ಡ್ ಹಾಕಿ, ಬಲ್ಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಒಂದೇಟು ಕೊಟ್ಟು, ಆ ಸದ್ದು ಕೇಳಿಸಿದ ಮೇಲಷ್ಟೇ ಗ್ಲೌಸ್ ತೆಗೀಬೇಕು.