ಹೋರಿ ವೀರ್ಯದಲ್ಲಿ ಬ್ಯಾಕ್ಟೀರಿಯಾ ನಿಯಂತ್ರಣ

ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯಕ್ಕೆ ಬ್ಯಾಕ್ಟೀರಿಯಾ ಸೇರದಂತೆ, ಸೇರಿದ್ದು ಬೆಳೆಯದಂತೆ ತಡೆಯುವ ಕ್ರಮ. ಹಳ್ಳಿಕಾರ್ ತಳಿಯ ಸೀಮೆಯಾದ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಗಳ ಕೊಟ್ಟಿಗೆಗಳಲ್ಲೂ ಇಂದು ಗರ್ಭಧಾರಣೆ ಬಹುಮಟ್ಟಿಗೆ ಘನೀಕೃತ ವೀರ್ಯ ತುಂಬಿದ 0.25 ಮಿ.ಲೀ. ನಳಿಕೆಯ ಕೆಲಸ. ಆದರೆ ಶುದ್ಧಿಯ ಪ್ರಶ್ನೆ ತೀರ್ಮಾನವಾಗುವುದು ಹೆಸರಘಟ್ಟದಂಥ ವೀರ್ಯ ಕೇಂದ್ರಗಳಲ್ಲಿ, ಅದರಲ್ಲೂ ಹೋರಿಯ ಮೈಮೇಲೆ. ಮುಂದೊಗಲ ಕೂದಲನ್ನು ಕತ್ತರಿಸಿ ಗಿಡ್ಡವಾಗಿಡುವುದು, ಒಳಭಾಗವನ್ನು ಲವಣದ್ರಾವಣದಿಂದ ತೊಳೆಯುವುದು, ವೀರ್ಯ ಹಿಡಿಯುವ ಸಾಧನವಾದ ಕೃತಕ ಯೋನಿಯನ್ನು ಪ್ರತಿ ಸಂಗ್ರಹಕ್ಕೂ ಬೇರೆಯದೇ ಬಳಸುವುದು: ಔಷಧಿಗಿಂತ ಮೊದಲಿನ ಕೆಲಸ ಇದು.

ಪ್ರತಿಜೀವಕ ಬೆರೆಸುತ್ತಾರಲ್ಲ, ಇಷ್ಟೆಲ್ಲ ಏಕೆ ಎನ್ನಬಹುದು. 1940ರ ದಶಕದಿಂದ ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಬಂದವು. ಈಗ ಜೆಂಟಾಮೈಸಿನ್, ಟೈಲೋಸಿನ್, ಲಿಂಕೋಮೈಸಿನ್, ಸ್ಪೆಕ್ಟಿನೋಮೈಸಿನ್ ಮಿಶ್ರಣವೂ ಇದೆ. ಆದರೆ ಸತ್ತ ಬ್ಯಾಕ್ಟೀರಿಯಾ ಬಿಟ್ಟ ವಿಷವನ್ನು ಔಷಧಿ ತೆಗೆಯದು. ಸೂಡೋಮೊನಾಸ್‌ನಂಥವು ಹಲವು ಔಷಧಿಗಳಿಗೆ ಬಗ್ಗುವುದೂ ಇಲ್ಲ. ನಳಿಕೆಗಳನ್ನಿಡುವ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂಬುದು ತಪ್ಪು ನಂಬಿಕೆ. ವೀರ್ಯಾಣುವಿನಂತೆ ಅವೂ ಉಳಿಯುತ್ತವೆ. ಸಹಜ ಕೂಡಿಕೆಯಲ್ಲೂ ಕೊಳೆ ಇರುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಅಲ್ಲಿ ವೀರ್ಯ ಯೋನಿಯಲ್ಲಿ ಬೀಳುತ್ತದೆ, ಗರ್ಭಕಂಠ ತಡೆಯಾಗುತ್ತದೆ. ಕೃತಕ ಗರ್ಭಧಾರಣೆಯಲ್ಲಿ ನಳಿಕೆಯನ್ನು ಹೊತ್ತ ಗನ್ ಆ ತಡೆಯನ್ನು ದಾಟಿ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುತ್ತದೆ. ಒಂದೇ ಸಂಗ್ರಹದಿಂದ ನೂರಾರು ನಳಿಕೆಗಳಾಗುವುದರಿಂದ ಒಂದು ಹೋರಿಯ ಕೊಳೆ ಊರೂರಿಗೆ ಹಂಚಿಕೆಯಾಗುತ್ತದೆ. ಭಾರತದ ಕನಿಷ್ಠ ಮಾನದಂಡದಂತೆ ಘನೀಕೃತ ವೀರ್ಯದಲ್ಲಿ ಬ್ಯಾಕ್ಟೀರಿಯಾ ಪ್ರಮಾಣ ಮಿಲಿಲೀಟರಿಗೆ 5,000 ಸಮೂಹ ರೂಪಿಸುವ ಘಟಕಗಳನ್ನು (CFU) ಮೀರುವಂತಿಲ್ಲ.