ಬುಟ್ಟಿ, ಕುಡಿಕೆ ಮತ್ತು ಕಂಚಿನ ಆಡು

ಕಂಚಿನ ಎರಕವು ಬಹುಕಾಲದವರೆಗೆ ದೇವತೆಗಳಿಗೂ ಅರಸರಿಗೂ ವೀರಪುರುಷರಿಗೂ ಸಲ್ಲುವ ಗೌರವವೆಂದೇ ಬಹುಮಟ್ಟಿಗೆ ಎಣಿಸಲ್ಪಟ್ಟಿತ್ತು. ಮನೆಯ ಬುಟ್ಟಿಗೂ ಕುಡಿಕೆಗೂ ಆ ಗೌರವವನ್ನು ದೊರಕಿಸಿಕೊಟ್ಟವರಲ್ಲಿ ಪಾಬ್ಲೊ ಪಿಕಾಸೊ ಮುಖ್ಯನು. ಆತನು 1881ರಲ್ಲಿ ಸ್ಪೇನ್ ದೇಶದಲ್ಲಿ ಜನಿಸಿ, ಬಾಳಿನ ಬಹುಭಾಗವನ್ನು ಫ್ರಾನ್ಸಿನಲ್ಲಿ ಕಳೆದು, 1973ರಲ್ಲಿ ಅಲ್ಲಿಯೇ ತೀರಿಕೊಂಡನು.

1940ರಲ್ಲಿ ಪ್ಯಾರಿಸ್ ನಗರವು ಜರ್ಮನರ ವಶವಾಯಿತು. ಮರುವರ್ಷದಿಂದ ಆ ನಗರದ ಚೌಕಗಳಲ್ಲಿದ್ದ ಎಷ್ಟೋ ಮಹನೀಯರ ಪ್ರತಿಮೆಗಳನ್ನು ಪೀಠಗಳಿಂದಿಳಿಸಿ, ಲೋಹಕ್ಕಾಗಿ ಕರಗಿಸಲಾಯಿತು. ಕಂಚು ಇಷ್ಟು ದುರ್ಲಭವಾಗಿದ್ದ ಕಾಲದಲ್ಲಿಯೇ, 1942ರಲ್ಲಿ, ಪಿಕಾಸೊ ಹಳೆಯ ಬೈಸಿಕಲ್ಲೊಂದರ ಸೀಟನ್ನೂ ಹ್ಯಾಂಡಲನ್ನೂ ಜೋಡಿಸಿ ಗೂಳಿಯ ತಲೆಯನ್ನು ರಚಿಸಿದನು. ಸೀಟು ಮುಖವಾಯಿತು; ಹ್ಯಾಂಡಲು ಕೊಂಬುಗಳಾಯಿತು. ಬಳಿಕ ಅದು ಕಂಚಿನಲ್ಲಿ ಎರಕಗೊಂಡಿತು. ಎರಕವು ಬೇರೆಬೇರೆ ವಸ್ತುಗಳಿಗೆ ಐಕ್ಯವನ್ನು ಕೊಡುವುದೆಂದು ಆತನು ಮೆಚ್ಚಿದನಾದರೂ, ಅದರೊಳಗಿನ ಅಪಾಯವನ್ನೂ ಕಂಡಿದ್ದನು. ನೋಡುವವನಿಗೆ ಗೂಳಿ ಮಾತ್ರವೇ ತೋರಿ ಬೈಸಿಕಲ್ಲು ಮರೆಯಾದರೆ ಕೃತಿಯ ಸತ್ತ್ವವು ಕುಂದುವುದೆಂದು ತನ್ನ ಮಿತ್ರನೂ ಛಾಯಾಚಿತ್ರಕಾರನೂ ಆದ ಬ್ರಸಾಯಿಗೆ ಹೇಳಿದನು.

ಯುದ್ಧವು ಮುಗಿದ ಕೆಲವು ವರ್ಷಗಳ ಮೇಲೆ ಪಿಕಾಸೊ ದಕ್ಷಿಣ ಫ್ರಾನ್ಸಿನ ವಲ್ಲೊರಿಸ್ ಎಂಬಲ್ಲಿ ನೆಲಸಿದನು. ಅದು ಕುಂಬಾರಿಕೆಗೆ ಹೆಸರಾದ ಊರು. ಕಾರ್ಯಶಾಲೆಗೆ ಹೋಗುವ ಹಾದಿಯಲ್ಲಿ ಜನರು ಬಿಸುಟ ಒಡಕು ಮುರುಕುಗಳನ್ನು ಆಯ್ದು ತರುವುದು ಆತನ ವಾಡಿಕೆಯಾಗಿತ್ತು. 1950ರಲ್ಲಿ ಆತನು ಗಬ್ಬದ ಆಡೊಂದನ್ನು ನಿರ್ಮಿಸತೊಡಗಿದನು. ಬೆತ್ತದಂತೆ ಹೆಣೆದ ಹಳೆಯ ಬುಟ್ಟಿಯೊಂದು ಅದರ ಪಕ್ಕೆಯೂ ಉಬ್ಬಿದ ಹೊಟ್ಟೆಯೂ ಆಯಿತು. ತಾಳೆಯ ಜಾತಿಯ ಮರದ ಗರಿಯು ಬೆನ್ನಿಗೆ ಒದಗಿತು. ಎರಡು ಮಣ್ಣಿನ ಕುಡಿಕೆಗಳು ಕೆಚ್ಚಲಾದುವು. ಇವಕ್ಕೆ ಮರದ ತುಂಡುಗಳನ್ನೂ ಲೋಹದ ಚೂರುಗಳನ್ನೂ ಸೇರಿಸಿ, ಸಂದುಗಳನ್ನು ಪ್ಲಾಸ್ಟರಿನಿಂದ ಮುಚ್ಚಿದನು. ಸುಮಾರು 1.2 ಮೀಟರು ಎತ್ತರದ ಈ ಆಡಿನ ಅಚ್ಚನ್ನು ತೆಗೆದು 1952ರಲ್ಲಿ ಕಂಚನ್ನು ಎರೆಯಲಾಯಿತು.

ಇಲ್ಲಿ ಬುಟ್ಟಿಯನ್ನು ಬುಟ್ಟಿಯ ಚಿತ್ರವಾಗಿ ಬಳಸಿದುದಿಲ್ಲ. ಕಾಳು ತರಕಾರಿಗಳ ಹೊರೆಯನ್ನು ತಾಳಿಕೊಳ್ಳಬಲ್ಲ ಅದರ ಉಬ್ಬೇ ಮರಿಯನ್ನು ಹೊತ್ತ ಬಸಿರಿಗೆ ತಕ್ಕುದಾಯಿತು. ದ್ರವವನ್ನು ತುಂಬಿಡುವ ಕುಡಿಕೆಯೇ ಹಾಲಿನ ಕೆಚ್ಚಲಿಗೆ ಒಪ್ಪಿತು. ಮನೆಯಲ್ಲಿ ಅವು ಮಾಡುತ್ತಿದ್ದ ಕೆಲಸವು ಆಡಿನ ಮೈಯಲ್ಲಿಯೂ ಮುಂದುವರಿಯಿತು. ಹಿಂದೆ ಆತನು ಶಂಕಿಸಿದ ಅಪಾಯವೂ ಇಲ್ಲಿ ಬಹುಮಟ್ಟಿಗೆ ತಪ್ಪಿತು. ಏಕೆಂದರೆ ಅಚ್ಚು ಹೆಣಿಗೆಯ ಗೆರೆಗಳನ್ನೂ ಹಿಡಿದುಕೊಂಡಿತು, ಕಂಚು ಅವನ್ನು ಅಳಿಸಲಿಲ್ಲ.

ಬುಟ್ಟಿಯನ್ನೂ ಕುಡಿಕೆಗಳನ್ನೂ ಒಳಗೊಂಡ ಮೂಲಕೃತಿಯು ಪ್ಯಾರಿಸ್ಸಿನ ಪಿಕಾಸೊ ವಸ್ತುಸಂಗ್ರಹಾಲಯದಲ್ಲಿದೆ. ಎರಕದ ಪ್ರತಿಯೊಂದು 1959ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವನ್ನು ಸೇರಿತು. ಬುಟ್ಟಿಯು ಜೀರ್ಣವಾಗುವಂತಹುದು, ಮಣ್ಣು ಒಡೆಯುವಂತಹುದು. ಯಾರೋ ಹೆಸರರಿಯದ ಹೆಣೆಯುವವನ ಕೈಗೆಲಸವು ಮಾತ್ರ, ಒಂದು ಕಾಲದಲ್ಲಿ ಮಹನೀಯರ ಪ್ರತಿಮೆಗಳಿಗೂ ಉಳಿಯದೆ ಹೋದ ಲೋಹದಲ್ಲಿ, ಆಡಿನ ಪಕ್ಕೆಯಾಗಿ ಉಳಿದುಕೊಂಡಿದೆ.